ಮೇಸ್ತ್ರಿಯ ಕಿವಿ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕತ್ತರಿ, ಈಳಿಗೆಮಣೆ, ಹೊಲಿಗೆ ಯಂತ್ರ, ನನ್ನ ಹಳೆಯ ಸ್ಪ್ಯಾನರುಗಳು ಎಲ್ಲಕ್ಕೂ ಗಂಧ ಕುಂಕುಮ ಇಡುವವಳು ನನ್ನ ಹೆಂಡತಿ. ನಾನು ಮುಟ್ಟುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ನನ್ನನ್ನು ನಾಸ್ತಿಕ ಎಂದುಕೊಂಡಿದ್ದಳು. ಆಮೇಲೆ ಸೋಮಾರಿ ಎಂದುಕೊಂಡಳು. ಅದನ್ನು ತಿದ್ದಲು ನಾನು ಹೋಗಲಿಲ್ಲ. ಗಂಡ ಸೋಮಾರಿ ಎಂದು ಗೊತ್ತಿದ್ದರೂ ಸಂಸಾರ ನಡೆಯುತ್ತದೆ. ನಿಜ ಗೊತ್ತಾದರೆ ನಡೆಯುತ್ತದೋ ಇಲ್ಲವೋ, ಆ ಪರೀಕ್ಷೆಗೆ ನಾನು ಇಳಿದಿಲ್ಲ.

ಎಪ್ಪತ್ತರ ದಶಕದ ನಡುವೆ ನನಗೆ ಪಲ್ಲಾವರಂನ ಒಂದು ಟ್ರ್ಯಾಕ್ಟರ್ ರಿಪೇರಿ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಅಪ್ಪ ರೈಲ್ವೆಯಲ್ಲಿದ್ದರು. ಮನೆ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ. ಒಳಗೆ ಮೈಸೂರು ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದಿದ್ದು ಇಂಗ್ಲಿಷಿನಲ್ಲಿ. ಡಿಪ್ಲೊಮಾ ಮಾಡಿದ ಮಗನನ್ನು ಅಮ್ಮ ಬೀದಿಗೆಲ್ಲ ಇಂಜಿನಿಯರ್ ಎಂದು ಸಾರಿಬಿಟ್ಟಿದ್ದಳು. ಬೆಳಿಗ್ಗೆ ಎಗ್ಮೋರಿನಲ್ಲಿ ತಾಂಬರಂ ಕಡೆಯ ಎಲೆಕ್ಟ್ರಿಕ್ ರೈಲು ಹತ್ತಿದರೆ, ಇಸ್ತ್ರಿ ಮಾಡಿದ ಅಂಗಿಯ ಮಡಿಕೆ ಕೆಡದ ಹಾಗೆ ಬಾಗಿಲ ಪಕ್ಕ ನಿಂತುಕೊಂಡೇ ಹೋಗುತ್ತಿದ್ದೆ. ಗ್ರೀಸಿನ ನಡುವೆ ಕೆಲಸ ಮಾಡಿಯೂ ಅಂಗಿಗೆ ಕಲೆ ಹತ್ತಿಸಿಕೊಳ್ಳದವನು ಎಂಬುದು ಆಗ ನನ್ನ ಹೆಗ್ಗಳಿಕೆಯಾಗಿತ್ತು. ಈಗ ನೆನೆದರೆ ಆ ಅಂಗಿಗೇ ಬೆಂಕಿ ಹಾಕಬೇಕು ಅನ್ನಿಸುತ್ತದೆ.

ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್‌ನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಐವತ್ತು ದಾಟಿದ್ದ, ತೆಳ್ಳನೆಯ ಮನುಷ್ಯ. ಅವರ ತಾತ ಹೊಸೂರಿನ ಕಡೆಯಿಂದ ಬಂದು ಪಲ್ಲಾವರಂನ ದಂಡುಪ್ರದೇಶದಲ್ಲಿ ಲಾಳ ಕಟ್ಟುತ್ತಿದ್ದರಂತೆ. ಮೂರು ತಲೆಮಾರು ಕಳೆದರೂ ಅವರ ಮನೆಯಲ್ಲಿ ಕನ್ನಡವೇ, ಆದರೆ ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ. ಮೊದಲ ದಿನ ನಾನು ಕನ್ನಡಿಗನೆಂದು ತಿಳಿದಾಗ ಅವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

"ಅಯ್ಯೋ, ನಮ್ಮೋರಾ ಸಾರ್ ನೀವು? ಇಷ್ಟು ವರ್ಷ ಈ ಷೆಡ್ಡಾಗೆ ಒಬ್ಬನೇ ಪೇಚಿಕೊಂಡಿದ್ದೆ ಸಾರ್!" ಅಂದಿದ್ದರು. ಒಬ್ಬನೇ ಮಾತಾಡಿಕೊಂಡಿದ್ದೆ ಎಂದು ಅರ್ಥ.

ಮೇಸ್ತ್ರಿಗೆ ಇಂಗ್ಲಿಷ್ ಓದಲು ಬಾರದು. ತಮಿಳಿನಲ್ಲಿ ಸಹಿ ಹಾಕುತ್ತಿದ್ದರು, ಅಷ್ಟೆ. ಆದರೆ ಅವರ ಕಿವಿಯೇ ಕಿವಿ. ಓಡುತ್ತಿರುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವರು. ಎರಡನೇ ಬೇರಿಂಗ್ ಸವೆದಿದೆ ಎಂದರೆ ಎರಡನೆಯದೇ ಸವೆದಿರುತ್ತಿತ್ತು. ಬಿಚ್ಚಿ ನೋಡಿ ತಪ್ಪು ಹಿಡಿಯಲು ನಾನು ಮೊದಲ ವರ್ಷವೆಲ್ಲ ಕಾದೆ. ಒಂದು ಸಲವೂ ಸಿಗಲಿಲ್ಲ. ವರ್ಕ್‌ಶಾಪಿನಲ್ಲಿ ಅವರಿಗೆ ಇದ್ದ ಮರ್ಯಾದೆಯೆಲ್ಲ ಆ ಕಿವಿಯದು.

ನನ್ನ ನಾಲ್ಕನೇ ವರ್ಷದ ಆಯುಧಪೂಜೆಗೆ, ಪ್ರತಿ ಸಲ ಬರುತ್ತಿದ್ದ ಪುರೋಹಿತರು ಬೇರೆಲ್ಲೋ ಒಪ್ಪಿಕೊಂಡು ಕೈ ಕೊಟ್ಟರು. ಯಜಮಾನರು, ಅಂದರೆ ವರ್ಕ್‌ಶಾಪಿನ ಮಾಲೀಕರು, ನನ್ನನ್ನು ಕರೆದು, ನೀನು ವೈಷ್ಣವರ ಮನೆಯವನಲ್ಲವೇ, ನೀನೇ ಮಾಡಿಬಿಡು ಅಂದರು. ನನಗೂ ಹುರುಪು. ಸಂಧ್ಯಾವಂದನೆಗೆ ಚಕ್ಕರ್ ಹೊಡೆಯುವವನು ಅಂದು ಮೇಲುವಸ್ತ್ರ ಸೊಂಟಕ್ಕೆ ಸುತ್ತಿ, ತಾಮ್ರದ ಬಟ್ಟಲಲ್ಲಿ ಗಂಧದ ಪುಡಿಯನ್ನು ಪನ್ನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಂಡು ಹೊರಟೆ. ಲೇತು, ವೈಸು, ಗ್ರೈಂಡರು ಎಲ್ಲಕ್ಕೂ ಹಚ್ಚಿದೆ. ಅಂಗಳದಲ್ಲಿ ಬ್ರೇಕ್ ಸರಿಮಾಡಿಸಲು ಬಂದು ನಿಂತಿದ್ದ ಒಂದು ಹಳೆಯ ಟ್ರ್ಯಾಕ್ಟರನ್ನೂ ತೊಳೆದು ಇಟ್ಟಿದ್ದರು. ಹದಿನೈದು ವರ್ಷದ ಹಿಂದೆ ಹಡಗಿನಲ್ಲಿ ಬಂದಿಳಿದ ವಿದೇಶಿ ಗಾಡಿ. ತಾಂಬರಂ ದಾಟಿ ಇನ್ನೂ ಆಚೆ ದೊಡ್ಡ ಭತ್ತದ ಬಯಲು ಇದ್ದ ಒಬ್ಬ ಜಮೀನುದಾರರದು. ಅವರು ನಮ್ಮ ಯಜಮಾನರ ಸ್ನೇಹಿತರು.

ಆ ಗಾಡಿಯಲ್ಲಿ ಚಾಲಕನ ಸೀಟಿನ ಮುಂದೆ ಹೈಡ್ರಾಲಿಕ್ ಎಣ್ಣೆಯ ಪುಟ್ಟ ಟ್ಯಾಂಕು. ಅದರ ಮೇಲೆ ಅಂಗೈಯಗಲದ, ಸ್ವಲ್ಪ ಉಬ್ಬಿದ ದುಂಡು ಮುಚ್ಚಳ. ನೋಡಿದರೆ ಥೇಟ್ ಹಣೆಯ ಹಾಗೆಯೇ. ಬಟ್ಟಲಲ್ಲಿ ಮಿಕ್ಕಿದ್ದ ಗಂಧವನ್ನೆಲ್ಲ ಬಳಿದು ಅದರ ಮೇಲೆ ಮೆತ್ತಿ, ನಡುವೆ ಹೆಬ್ಬೆರಳಿನಲ್ಲಿ ಕುಂಕುಮ ಒತ್ತಿದೆ. ಮೇಸ್ತ್ರಿ ಕರ್ಪೂರದ ಆರತಿ ಕಣ್ಣಿಗೊತ್ತಿಕೊಂಡು, "ಸಾರ್, ವಂಡಿ ಮದ್ಲಿಂಗಿತ್ತಿ ಕಂಡಂಗೈತೆ ಸಾರ್!" ಅಂದರು. ಗಾಡಿ ಮದುವಣಗಿತ್ತಿಯ ಹಾಗಿದೆ ಎಂಬ ಹೊಗಳಿಕೆಗೆ ನಾನು ಉಬ್ಬಿಹೋದೆ.

ಎರಡು ವಾರ ಕಳೆಯಿತು. ಈಶಾನ್ಯ ಮಾರುತದ ಮಳೆ ಹಿಡಿದು ಭತ್ತದ ಗದ್ದೆ ಹದಮಾಡುವ ಕೆಲಸ ಶುರುವಾಗಿತ್ತು. ಆ ಟ್ರ್ಯಾಕ್ಟರು ವಾಪಸು ಬಂತು. ದೂರು ಏನೆಂದರೆ, ನೇಗಿಲು ಎತ್ತುತ್ತಿಲ್ಲ.

ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳುಗಳಿರುತ್ತವೆ. ನೇಗಿಲು ತೂಗುವುದು ಅವಕ್ಕೆ. ಚಾಲಕ ಲಿವರ್ ಎಳೆದರೆ ಪಂಪು ಟ್ಯಾಂಕಿನ ಎಣ್ಣೆಯನ್ನು ಹೀರಿ ಸಿಲಿಂಡರಿಗೆ ತಳ್ಳುತ್ತದೆ, ತೋಳುಗಳು ಮೇಲೇಳುತ್ತವೆ. ಲಿವರ್ ಇಳಿಸಿದರೆ ಎಣ್ಣೆ ಟ್ಯಾಂಕಿಗೆ ಮರಳುತ್ತದೆ, ತೋಳು ಇಳಿಯುತ್ತದೆ. ಇಷ್ಟೇ ವಿದ್ಯೆ. ಬದುವಿನ ಹತ್ತಿರ ಬಂದಾಗ ನೇಗಿಲು ಎದ್ದರೆ ತಾನೆ ಗಾಡಿ ತಿರುಗುವುದು? ಈ ಗಾಡಿಯಲ್ಲಿ ತೋಳುಗಳು ಅರ್ಧಕ್ಕೆ ಎದ್ದು ನಿಂತುಬಿಡುತ್ತಿದ್ದವು. ಪಂಪು ಕೀರಲು ದನಿಯಲ್ಲಿ ಗೋಳಾಡುತ್ತಿತ್ತು. ಚಾಲಕ ಲಿವರ್ ಹಾಗೇ ಬಿಟ್ಟು ಒಂದು ಬೀಡಿ ಸೇದಿ ಮುಗಿಸುವ ಹೊತ್ತಿಗೆ ನೇಗಿಲು ಬಸುರಿಯಂತೆ ಮೆಲ್ಲಗೆ ಏಳುತ್ತಿತ್ತಂತೆ.

ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆ ನೋಡಿದರು. ನೀರು ಸೇರಿದ್ದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಇದು ಜೇನಿನಂತೆ ತಿಳಿಯಾಗಿತ್ತು. ಸ್ವಲ್ಪ ಕಡಿಮೆ ಇದ್ದದ್ದನ್ನು ತುಂಬಿಸಿದರು. ಪಂಪಿಗೆ ಹೋಗುವ ದಾರಿಯ ಜಾಲರಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ತೊಳೆದದ್ದನ್ನು ಒರೆಸಲು ಹತ್ತಿಯ ವೇಸ್ಟ್ ಬಳಸಲಿಲ್ಲ, ಅದರ ಎಳೆ ಒಳಗೆ ಸೇರುತ್ತದೆಂದು ಗಾಳಿಗೇ ಒಣಗಿಸಿದರು. ಆಮೇಲೆ ಇಂಜಿನ್ ಓಡಿಸಿ, ಟ್ಯಾಂಕಿನೊಳಗೆ ಇಣುಕಿ, ಮರಳುವ ಎಣ್ಣೆಯಲ್ಲಿ ನೊರೆ ಏಳುತ್ತದೆಯೇ ಎಂದು ನೋಡುತ್ತ ಲಿವರ್ ಎಳೆದರು. ನೊರೆ ಇಲ್ಲ. ನೇಗಿಲು ಗರುಡನಂತೆ ಎದ್ದಿತು. ಹತ್ತು ಸಲ ಎಳೆದರೆ ಹತ್ತು ಸಲವೂ ಎದ್ದಿತು. ಮುಚ್ಚಳ ಬಿಗಿಮಾಡಿ ಕಳಿಸಿದರು.

ನಾಲ್ಕೇ ದಿನ. ಮತ್ತೆ ಬಂತು. ಈ ಸಲ ಮೇಸ್ತ್ರಿ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರ್ ಉಂಗುರಗಳನ್ನು ಬದಲಾಯಿಸಿದರು. ಪಂಪನ್ನೂ ಕಳಚಿ, ಒಳಗೆ ಗೀರು ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ನೋಡಿ, ಸರಿಯಾಗಿದೆ ಎಂದು ಮತ್ತೆ ಜೋಡಿಸಿದರು. ಪ್ರೆಶರ್ ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಮುಚ್ಚಳ ತೆರೆದಿಟ್ಟು ನೊರೆ ನೋಡಿದರು. ನೇಗಿಲು ಎದ್ದಿತು. ಮುಚ್ಚಳ ಹಾಕಿ ಕಳಿಸಿದರು.

ಆ ಮುಚ್ಚಳವನ್ನು ಅವರು ಹಿಡಿಯುತ್ತಿದ್ದ ರೀತಿ ಹೇಳಬೇಕು. ಆಯುಧಪೂಜೆಯಲ್ಲಿ ಇಟ್ಟ ಗಂಧವನ್ನು ಒರೆಸಬಾರದು, ಅದು ತಾನಾಗಿ ಸವೆದು ಹೋಗಬೇಕು ಎಂಬುದು ಅಲ್ಲಿನ ನಂಬಿಕೆ. ಬಸ್ಸುಗಳ ಗಾಜಿನ ಮೇಲೂ ಪೊಂಗಲ್ ಹಬ್ಬದವರೆಗೆ ಆ ಬೊಟ್ಟುಗಳು ಉಳಿದಿರುತ್ತಿದ್ದವು. ಮೇಸ್ತ್ರಿ ಮುಚ್ಚಳವನ್ನು ಅಂಚಿನಲ್ಲಷ್ಟೇ ಹಿಡಿದು ತಿರುಗಿಸುವರು. ತೆಗೆದ ಮೇಲೆ ಒಂದು ಚೊಕ್ಕ ಬಟ್ಟೆ ಹಾಸಿ, ಬೊಟ್ಟು ಮೇಲೆ ಬರುವ ಹಾಗೆ ಇಡುವರು. ಟ್ಯಾಂಕಿನ ಸುತ್ತಲೂ ಕೆಸರು ಒರೆಸಿದರೂ ಮುಚ್ಚಳದ ನೆತ್ತಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೊನೆಗೆ, ಗದ್ದೆಯ ನೀರು ಒಳಗೆ ಹೋಗಬಾರದೆಂದು, ಕೈಯಿಂದ ಬಿಗಿದ ಮೇಲೂ ಸ್ಪ್ಯಾನರಿನಿಂದ ಇನ್ನೊಂದು ಕಾಲು ಸುತ್ತು. ಅವರಷ್ಟು ಒಪ್ಪವಾಗಿ ಕೆಲಸ ಮಾಡುವವರನ್ನು ನಾನು ಆಮೇಲೆ ನೋಡಿಲ್ಲ.

ಮೂರನೇ ಸಲ ಗಾಡಿ ಬರಲಿಲ್ಲ, ಜಮೀನುದಾರರೇ ಬಂದರು. ಬದುವಿನ ಹತ್ತಿರ ನೇಗಿಲು ಏಳದೆ ಚಕ್ರ ಹೂತು, ಬಾಡಿಗೆಯ ಎತ್ತುಗಳಿಂದ ಟ್ರ್ಯಾಕ್ಟರನ್ನು ಎಳೆಸಿದ್ದರಂತೆ. ಊರಿಗೆಲ್ಲ ನಗೆಪಾಟಲು. ಯಜಮಾನರ ಕೋಣೆಯಲ್ಲಿ ಅವರು ತಮಿಳಿನಲ್ಲಿ ಕೂಗಾಡಿದ್ದು ಲೇತಿನ ಸದ್ದನ್ನೂ ಮೀರಿ ಕೇಳಿಸಿತು. ಪಂಪನ್ನು ಬಿಚ್ಚಿ ಹಾಳುಮಾಡಿದ್ದೇ ನಿಮ್ಮ ಮುದಿ ಮೇಸ್ತ್ರಿ ಎಂಬುದು ಅವರ ವಾದ.

ಮೇಸ್ತ್ರಿ ಬಸ್ಸಿನಲ್ಲಿ ಗದ್ದೆಗೇ ಹೋಗಿ ನೋಡಿಬಂದರು. ಅಲ್ಲಿಯೂ ಎಲ್ಲ ಮೆಕ್ಯಾನಿಕರು ಮಾಡುವ ಹಾಗೆ ಮೊದಲು ಮುಚ್ಚಳ ತೆಗೆದು ಎಣ್ಣೆ ನೋಡಿದರು, ಹಾಗೇ ಲಿವರ್ ಎಳೆದರು, ನೇಗಿಲು ಎದ್ದಿತು. ಚಾಲಕ ಹಲ್ಲು ಕಿರಿದನಂತೆ. ಮುಚ್ಚಳ ಹಾಕಿ ಒಂದು ಸುತ್ತು ಉಳುವಷ್ಟರಲ್ಲಿ ಮತ್ತೆ ಅದೇ ಗೋಳು. ಆಗ ಇವರು ಪಂಪಿಗೆ ಸ್ಕ್ರೂಡ್ರೈವರ್ ಒತ್ತಿ ಕಿವಿಗೊಟ್ಟು ಕೇಳಿದ್ದಾರೆ. ಸಂಜೆ ಕೆಸರುಗಾಲಲ್ಲೇ ನನ್ನ ಮೇಜಿನ ಮುಂದೆ ಬಂದು ನಿಂತರು.

"ಸಾರ್, ಪಂಪು ಸರಿಯಾಗೈತೆ ಸಾರ್. ನಾನು ಸತ್ಯ ಮಾಡಿ ಹೇಳ್ತೀನಿ. ಗೀರು ಬಿದ್ದ ಪಂಪು ಬೇರೆ ಥರಾ ಕೂಗ್ತೈತೆ. ಇದು ಅದಲ್ಲ. ಇದಕ್ಕೆ ಮೂಚು ಕಟ್ತೈತೆ."

ಮೂಚು ಎಂದರೆ ತಮಿಳಿನಲ್ಲಿ ಉಸಿರು. ಉಸಿರು ಕಟ್ಟುತ್ತಿದೆ ಎಂದು ಅವರು ಹೇಳುತ್ತಿದ್ದರು.

"ಏನು ಮೇಸ್ತ್ರೀ, ಟ್ರ್ಯಾಕ್ಟರಿಗೆ ಆಸ್ತಮಾನಾ?" ಅಂದೆ. ಪಕ್ಕದ ಮೇಜಿನವನು ನಕ್ಕ. ಆ ನಗು ನನಗೆ ಹಿತವಾಗಿತ್ತು.

"ಯಾಕಂತ ಗೊತ್ತಾಗ್ತಿಲ್ಲ ಸಾರ್. ಸದ್ದು ಅಂಗೈತೆ. ನೀವು ಓದಿದೋರು, ನಾಳೆ ಒಂದ್ಸಲ ನನ್ ಕೂಡ ಗದ್ದೆಗೆ ಬನ್ನಿ. ಇಬ್ರೂ ಸೇರಿ ನೋಡಿದ್ರೆ ಸಿಕ್ತೈತೆ."

ನಾನು ಹೋಗಲಿಲ್ಲ. ಕಾರಣ ದೊಡ್ಡದೇನಲ್ಲ. ಮಳೆ, ಮೊಣಕಾಲುದ್ದ ಕೆಸರು, ಹೊಸ ಷೂ. ಇನ್ನೊಂದು ಕಾರಣವೂ ಇತ್ತು, ಅದು ಷೂಗಿಂತ ಕೆಟ್ಟದ್ದು. ಆ ಬೆಳಿಗ್ಗೆ ಯಜಮಾನರು ನನ್ನನ್ನು ಕರೆದು ವರದಿ ಬರೆದುಕೊಡಲು ಹೇಳಿದ್ದರು. ಹೇಳಿ, ನಗುತ್ತಲೇ ಒಂದು ಮಾತು ಸೇರಿಸಿದ್ದರು: ನೀವಿಬ್ಬರೂ ಸದಾ ನಿಮ್ಮ ಭಾಷೆಯಲ್ಲೇ ಗುಸುಗುಸು ಮಾಡುತ್ತೀರಿ, ವರದಿಯನ್ನಾದರೂ ಇಂಗ್ಲಿಷಿನಲ್ಲಿ ಬರೆಯುತ್ತೀಯ ತಾನೇ? ಆ ಮಾತು ನನಗೆ ಮುಳ್ಳಿನಂತೆ ನಾಟಿತ್ತು. ತನ್ನವನೆಂದು ಮುಚ್ಚಿಹಾಕಿದ ಎಂಬ ಹೆಸರು ನನಗೆ ಬರಬಾರದಿತ್ತು. ಮೇಸ್ತ್ರಿ ತಮಿಳರಾಗಿದ್ದರೆ ನಾನು ನ್ಯಾಯವಾಗಿ ಬರೆಯುತ್ತಿದ್ದೆ. ಕನ್ನಡದವರಾದ್ದರಿಂದಲೇ ಅವರಿಗೆ ಅನ್ಯಾಯ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದೇ ನಿಜ.

ಗಾಡಿಯ ಕೈಪಿಡಿ ನನ್ನ ಬೀರುವಿನಲ್ಲಿತ್ತು. ಇಡೀ ವರ್ಕ್‌ಶಾಪಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ತೆಗೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಪಂಪು ಜೋಡಿಸಲು ಬಾರದೆ ಮೇಸ್ತ್ರಿ ಮೂಚಿನ ಕಥೆ ಹೇಳುತ್ತಿದ್ದಾರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ. ಅರ್ಧ ಪುಟದ ವರದಿ ಟೈಪ್ ಮಾಡಿಸಿದೆ. ಪಂಪಿನ ಮರುಜೋಡಣೆಯಲ್ಲಿ ಮೆಕ್ಯಾನಿಕ್‌ನ ಅಜಾಗರೂಕತೆ, ಒಳಭಾಗಕ್ಕೆ ಗೀರು ಬಿದ್ದಿರುವ ಸಂಭವ, ವಯಸ್ಸಿನ ಕಾರಣ ಶ್ರವಣಶಕ್ತಿಯನ್ನು ಅವಲಂಬಿಸುವುದು ಸೂಕ್ತವಲ್ಲ. ಸಂಭವ ಎಂಬ ಪದ ಹಾಕಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಪದವನ್ನು ಯಾರೂ ಓದಲಿಲ್ಲ.

ವಾರದೊಳಗೆ ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಇಪ್ಪತ್ತೆರಡು ವರ್ಷ ಅಲ್ಲಿ ದುಡಿದಿದ್ದವರು. ವರದಿಯಲ್ಲಿ ಏನಿದೆ ಎಂದು ಯಾರೋ ಅವರಿಗೆ ತಮಿಳಿನಲ್ಲಿ ಓದಿ ಹೇಳಿದ್ದರು. ಉಪಕರಣದ ಪೆಟ್ಟಿಗೆ ಒಪ್ಪಿಸಿ ಹೊರಡುವಾಗ ನನ್ನ ಮೇಜಿನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಕೈ ತಪ್ಪು ಮಾಡ್ತು ಅಂತ ಬರ್ದಿದ್ರೆ ಸುಮ್ನಿರ್ತಿದ್ದೆ ಸಾರ್. ಕಿವಿ ಕೇಳಲ್ಲ ಅಂತ ಯಾಕ್ ಸಾರ್ ಬರೆದ್ರಿ?" ಅಂದರು.

ನಾನು ಕಾಗದ ಮಗುಚುತ್ತ ಕುಳಿತೆ. ಅವರು ಸ್ವಲ್ಪ ಹೊತ್ತು ಕಾದು ಹೋದರು.

ಗಾಡಿಗೆ ಹೊಸ ಪಂಪು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಷ್ಟರಲ್ಲಿ ಉಳುಮೆ ಮುಗಿದಿತ್ತು. ಮಿಕ್ಕ ವರ್ಷವೆಲ್ಲ ಆ ಟ್ರ್ಯಾಕ್ಟರು ಭತ್ತದ ಮೂಟೆಯ ಟ್ರೇಲರ್ ಎಳೆಯಿತು. ಟ್ರೇಲರ್ ಎಳೆಯಲು ನೇಗಿಲೆತ್ತುವ ತೋಳು ಬೇಕಿಲ್ಲ. ಹೀಗಾಗಿ ದೂರು ಬರಲಿಲ್ಲ. ದೂರು ಬಾರದ್ದನ್ನೇ ನನ್ನ ವರದಿಗೆ ಸಾಕ್ಷಿ ಎಂದು ಎಲ್ಲರೂ ತಿಳಿದರು. ನಾನೂ ತಿಳಿದೆ.

ಮರುವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ ಅದೇ ಗಾಡಿ ಅದೇ ಕಾಯಿಲೆ ಹೊತ್ತು ಬಂತು. ಹೊಸ ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡಿದ, ಎಲ್ಲ ಸರಿ ಅಂದ, ಮುಚ್ಚಳ ಹಾಕಿದ, ಅರ್ಧಕ್ಕೆ ನಿಂತಿತು. ಹಬ್ಬ ಕಳೆಯಲಿ ಎಂದು ಬದಿಗೆ ನಿಲ್ಲಿಸಿದರು. ಪೂಜೆಯ ಕೆಲಸ ಈಗ ಕಾಯಂ ಆಗಿ ನನ್ನದೇ ಆಗಿತ್ತು. ಗಂಧದ ಬಟ್ಟಲು ಹಿಡಿದು ಬಂದು ನೋಡಿದರೆ ಮುಚ್ಚಳದ ಮೇಲೆ ಹೋದ ವರ್ಷದ ನನ್ನ ಬೊಟ್ಟು ಹಾಗೇ ಇತ್ತು. ಎಣ್ಣೆ ಧೂಳು ಕುಡಿದು ಕರಿ ಹೆಂಟೆಯಂತೆ ಗಟ್ಟಿಯಾಗಿತ್ತು. ಹಳೆಯದರ ಮೇಲೆ ಹೊಸದು ನಿಲ್ಲುವುದಿಲ್ಲವೆಂದು ತುಂಡು ಹ್ಯಾಕ್ಸಾ ಬ್ಲೇಡಿನಿಂದ ಕೆರೆದೆ. ಸಿಪ್ಪೆ ಎದ್ದು ಬಂತು. ಅದರ ಕೆಳಗೆ, ಮುಚ್ಚಳದ ನೆತ್ತಿಯಲ್ಲಿ, ಮೂರು ಸಣ್ಣ ತೂತುಗಳು. ಮೂರೂ ಗಂಧದಿಂದ ತುಂಬಿಕೊಂಡಿದ್ದವು.

ಬ್ಲೇಡನ್ನು ಕೆಳಗಿಟ್ಟೆ.

ಪಂಪು ಎಣ್ಣೆ ಹೀರಿದಂತೆ ಟ್ಯಾಂಕಿನಲ್ಲಿ ಜಾಗ ಖಾಲಿಯಾಗುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನಿಂದ ಗಾಳಿ ಬರಬೇಕು, ಆ ಮೂರು ತೂತುಗಳಿಂದ. ಬಾರದಿದ್ದರೆ ಟ್ಯಾಂಕಿನ ಒಳಗಿನಿಂದಲೇ ಎಣ್ಣೆಗೆ ಹಿಮ್ಮುಖದ ಸೆಳೆತ, ಪಂಪಿಗೆ ಎಣ್ಣೆ ಸಿಗದೆ ಗೋಳಾಟ, ತೋಳು ಅರ್ಧಕ್ಕೆ ನಿಲುಗಡೆ. ಮುಚ್ಚಳದ ತಿರುಪಿನ ಎಳೆಯ ಸಂದಿನಲ್ಲಿ ಒಂದಿಷ್ಟು ಗಾಳಿ ನುಸುಳಿದಷ್ಟೂ ಮೆಲ್ಲಗೆ ಏರುವುದು, ಬೀಡಿ ಸೇದಿ ಮುಗಿಯುವ ಹೊತ್ತಿಗೆ. ಮುಚ್ಚಳ ತೆರೆದು ಪರೀಕ್ಷೆ ಮಾಡಿದಾಗಲೆಲ್ಲ ಎಲ್ಲ ಸರಿ. ಮೇಸ್ತ್ರಿ ಟ್ಯಾಂಕು ತುಂಬ ಎಣ್ಣೆ ಹಾಕಿದ್ದರಿಂದ ಒಳಗಿದ್ದ ಚೂರು ಗಾಳಿಗೂ ಜಾಗವಿಲ್ಲದಂತಾಗಿತ್ತು. ಸ್ಪ್ಯಾನರಿನಿಂದ ಕಾಲು ಸುತ್ತು ಹೆಚ್ಚು ಬಿಗಿದಿದ್ದರಿಂದ ಎಳೆಯ ಸಂದೂ ಮುಚ್ಚಿತ್ತು. ದೇವರ ಬೊಟ್ಟೆಂದು ಒರೆಸದೆ ಬಿಟ್ಟಿದ್ದರು. ಅವರ ಒಂದೊಂದು ಒಪ್ಪ ಕೆಲಸವೂ ಅವರ ಕುತ್ತಿಗೆಗೇ ಬಂದಿತ್ತು. ಆದರೂ ಅವರ ಕಿವಿ ಸರಿಯಾಗಿಯೇ ಹೇಳಿತ್ತು. ಉಸಿರು ಕಟ್ಟುತ್ತಿದೆ. ಕಟ್ಟಿದ್ದು ನನ್ನ ಕೈ.

ಬೀರು ತೆಗೆದು ಕೈಪಿಡಿ ನೋಡಿದೆ. ಲಿಫ್ಟ್ ನಿಧಾನವಾದರೆ ಮೊದಲು ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಪರೀಕ್ಷಿಸಿ ಎಂದು ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು.

ಸೀಮೆಎಣ್ಣೆಯಲ್ಲಿ ಮುಚ್ಚಳ ನೆನೆಸಿ, ಸ್ಟವ್ ಪಿನ್ನಿನಿಂದ ತೂತು ಚುಚ್ಚಿ, ಬಾಯಿಂದ ಊದಿದೆ. ಹಾಕಿ ಬಿಗಿಮಾಡಿ ಲಿವರ್ ಎಳೆದೆ. ನೇಗಿಲು ಎದ್ದಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಏನಿತ್ತು ಸಾರ್ ಎಂದರೆ, ಕಸ ಕಟ್ಟಿತ್ತು ಅಂದೆ. ಕಸ! ಜಮೀನುದಾರರು ಬಂದು ನನ್ನ ಭುಜ ತಟ್ಟಿ, ಆ ಮುದುಕ ವಾರಗಟ್ಟಲೆ ಒದ್ದಾಡಿದ್ದನ್ನು ಈ ಇಂಜಿನಿಯರ್ ಐದು ನಿಮಿಷದಲ್ಲಿ ಕಂಡುಹಿಡಿದ ಎಂದು ಯಜಮಾನರ ಎದುರು ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಪೊಂಗಲ್ ಹೊತ್ತಿಗೆ ನನ್ನನ್ನು ಸರ್ವಿಸ್ ಮ್ಯಾನೇಜರ್ ಮಾಡಿದರು. ಅಮ್ಮ ಪುರಸೈವಾಕ್ಕಂನ ಬೀದಿಗೆಲ್ಲ ಸಕ್ಕರೆ ಪೊಂಗಲ್ ಹಂಚಿದಳು. ನಾನು ಬಡ್ತಿ ಬೇಡ ಎನ್ನಲಿಲ್ಲ.

ಒಮ್ಮೆ ಯಜಮಾನರ ಹತ್ತಿರ ಬಾಯಿ ತೆರೆಯಲು ನೋಡಿದೆ. ಹಳೇ ಮೇಸ್ತ್ರಿಯ ವಿಷಯ ಎಂದು ಶುರುಮಾಡುತ್ತಿದ್ದಂತೆ ಅವರು, ಹೋದವನ ಮಾತು ಈಗ ಯಾಕೆ, ಆ ವರದಿ ಬರೆದವನು ನೀನೇ ಅಲ್ಲವೇ ಅಂದರು. ಹೌದು ಸಾರ್ ಎಂದು ಹಿಂದಿರುಗಿದೆ.

ಮೇಸ್ತ್ರಿ ಎಲ್ಲಿದ್ದಾರೆಂದು ವರ್ಕ್‌ಶಾಪಿನ ಕಾವಲುಗಾರನಿಗೆ ಗೊತ್ತಿತ್ತು. ಬೇರೆ ಯಾವ ಷೆಡ್ಡೂ ಅವರನ್ನು ತೆಗೆದುಕೊಂಡಿರಲಿಲ್ಲ. ಕಿವಿ ಕೇಳದ ಮೆಕ್ಯಾನಿಕ್ ಎಂಬ ಮಾತು ಅವರಿಗಿಂತ ಮುಂಚೆ ಎಲ್ಲ ಕಡೆ ತಲುಪಿತ್ತು. ಪಲ್ಲಾವರಂನ ವಾರದ ಸಂತೆಯಲ್ಲಿ ಗೋಣಿತಾಟು ಹಾಸಿಕೊಂಡು ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಾರೆ ಎಂದ. ನಿಜ ಹೇಳಿಯೇಬಿಡಬೇಕೆಂದು ತೀರ್ಮಾನಿಸಿದೆ. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ, ಅಮ್ಮನ, ಗಾಳಿ ನಿಲ್ಲದ ಹಿತ್ತಾಳೆಯ ಪಂಪ್ ಸ್ಟವ್ ಚೀಲದಲ್ಲಿ ಹಾಕಿಕೊಂಡೆ. ರೈಲಿನಲ್ಲಿ ಎಗ್ಮೋರಿನಿಂದ ಪಲ್ಲಾವರಂವರೆಗೂ ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಜೋಡಿಸಿಕೊಂಡೆ. ಬೊಟ್ಟು ಇಟ್ಟವನು ನಾನು, ಉಸಿರು ಕಟ್ಟಿಸಿದವನು ನಾನು, ನಿಮ್ಮ ಕಿವಿ ಸರಿಯಾಗಿಯೇ ಇತ್ತು. ಮೂರೇ ವಾಕ್ಯ.

ಹಳೆಯ ಕುರ್ಚಿ, ತುಕ್ಕು ಹಿಡಿದ ಫ್ಯಾನು, ಪಂಜರದ ಕೋಳಿ, ಇವುಗಳ ನಡುವೆ ಅವರು ಕುಳಿತಿದ್ದರು. ಒಂದೇ ವರ್ಷದಲ್ಲಿ ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತರು. ಅದೇ ಹಳೆಯ ಮರ್ಯಾದೆ.

"ಬನ್ನಿ ಸಾರ್. ಅಮ್ಮಾವ್ರು ಚೆನ್ನಾಗವ್ರಾ?" ಎನ್ನುತ್ತ ಸ್ಟವ್ ಕೈಗೆ ತೆಗೆದುಕೊಂಡರು. ಪಂಪಿನ ಕಡ್ಡಿ ಎಳೆದು, ಒಣಗಿದ ಚರ್ಮದ ವಾಷರ್ ತೆಗೆದು, ಹೊಸದನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಕೂರಿಸಿದರು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ. ಮೊದಲ ವಾಕ್ಯ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ ತಲೆ ಎತ್ತದೆ ಕೇಳಿದರು.

"ಸಾರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ವಂಡಿಗೆ ಕಡೇಗೆ ಏನಾಗಿತ್ತು ಸಾರ್? ದಿನಾ ಅದೇ ಯೋಚನೆ. ಊಟಕ್ಕೆ ಕೂತ್ರೂ ಅದರ ಸದ್ದೇ ಕೇಳ್ತೈತೆ."

ಇದಕ್ಕಿಂತ ಸುಲಭವಾಗಿ ಬಾಗಿಲು ತೆರೆದುಕೊಡುವವರು ಯಾರು? ಆದರೆ ನಿಜ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ. ಗೊತ್ತಾಗಿ ಎಷ್ಟು ದಿನವಾಯಿತು ಸಾರ್? ಬಡ್ತಿ ಯಾವಾಗ ಸಿಕ್ಕಿತು ಸಾರ್? ಅವರ ಮುಖ ನೋಡಿದೆ. ನನ್ನ ಬಾಯಿಂದ ಬೇರೆಯೇ ಮಾತು ಹೊರಟಿತು.

"ಪಂಪೇ ಹೋಗಿತ್ತು ಮೇಸ್ತ್ರೀ."

"ಪಂಪೇನಾ ಸಾರ್?"

"ಹೂಂ. ಒಳಗೆ ಗೀರು ಬಿದ್ದಿತ್ತು."

ಅವರು ಆ ಹಳೆಯ ವಾಷರನ್ನು ಬೆರಳಲ್ಲಿ ಹೊಸಕಿದರು.

"ಅಂಗಾದ್ರೆ ನನ್ ಕಿವೀನೇ ಹೋಗ್ಬಿಟ್ಟಿತ್ತು ಸಾರ್," ಅಂದರು. "ನನ್ ಹೆಂಡ್ರು ಅವಾಗ್ಲೇ ಹೇಳಿದ್ಲು, ವಯಸ್ಸಾಯ್ತು, ಒಪ್ಕೋ ಅಂತ. ನಾನು ಒಪ್ಪಲಿಲ್ಲ. ಒಂದು ವರ್ಷ ಪೂರಾ ನಿಮ್ಮನ್ನ ಬೈಕೊಂಡೇ ಇದ್ದೆ ಸಾರ್, ಮನಸ್ಸಾಗೆ. ಮನ್ನಿಸ್ಬೇಕು."

ನನ್ನ ಕಡೆ ಕೈ ಜೋಡಿಸಿದರು. ನಾನು ಆ ಕೈಗಳನ್ನು ಹಿಡಿದು ಇಳಿಸಲೂ ಇಲ್ಲ.

ಸ್ಟವ್ ಸಿದ್ಧವಾಯಿತು. ಗಾಳಿ ಒತ್ತಿ ಹೊತ್ತಿಸಿದರು. ನೀಲಿ ಉರಿ ಭರ್ರೆಂದು ಎದ್ದಿತು. ವರ್ಕ್‌ಶಾಪಿನಲ್ಲಾಗಿದ್ದರೆ ಈ ಹೊತ್ತಿಗೆ ಅವರು ಕಣ್ಣು ಮುಚ್ಚಿ ಕಿವಿ ಬಾಗಿಸುತ್ತಿದ್ದರು. ಈಗಲೂ ಕತ್ತು ಒಂದಿಷ್ಟು ಬಾಗಿತು. ಆಮೇಲೆ ಏನೋ ನೆನಪಾದವರಂತೆ ತಲೆ ಹಿಂದಕ್ಕೆ ತೆಗೆದುಕೊಂಡು, ಸ್ಟವ್ವನ್ನು ನನ್ನತ್ತ ಸರಿಸಿದರು.

"ಸದ್ದು ಸರಿಯಾಗೈತಾ, ನೀವೇ ಒಂದ್ಸಲ ಕೇಳಿ ನೋಡಿ ಸಾರ್."

ನಾನು ಬಗ್ಗಿ ಕೇಳಿದೆ. ಸರಿಯಾಗಿದೆ ಅಂದೆ.